ಮಗಳ ಜೊತೆ ಒಂದು ದಿನ

ಮನೆಯಲ್ಲಿ ಹದಿಹರೆಯದ ಮಗನೋ ಮಗಳೋ ಇರುವ ತಾಯಂದಿರು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ನೀವು ಅವರೊಂದಿಗೆ ಏನೇನು ಮಾತಾಡಿದಿರಿ? ಎದ್ದೆಯಾ, ನಮಾಝ್ ಆಯಿತಾ, ತಿಂಡಿ ತಿಂದೆಯಾ, ಓದಿ ಮುಗಿಯಿತಾ, ಆ ಮೊಬೈಲ್ ಕೆಳಗಿಡು. ಇಷ್ಟನ್ನು ಕಳೆದ ಮೇಲೆ ಉಳಿದದ್ದೆಷ್ಟು? ಬಹಳಷ್ಟು ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಮಕ್ಕಳು ಕೊಡುವ ಉತ್ತರವೂ ಹಾಗೆಯೇ: ಹ್ಞೂಂ, ಆಯ್ತು, ಗೊತ್ತು.

"ಮಗಳು ಮೊದಲು ಹೀಗಿರಲಿಲ್ಲ, ಈಗ ಬಾಯಿಯೇ ಬಿಡುವುದಿಲ್ಲ" ಎಂದು ತಾಯಂದಿರು ದೂರುತ್ತಾರೆ. ಮದ್ರಸದಲ್ಲಿ ಪಾಠ ಹೇಳುವ ನಮಗೆ ಈ ದೂರು ಹೊಸದಲ್ಲ. ಆದರೆ ಅದೇ ಹುಡುಗಿಯರು ಗೆಳತಿಯರ ಜೊತೆ ಗಂಟೆಗಟ್ಟಲೆ ಮಾತಾಡುವುದನ್ನೂ ನಾವು ನೋಡುತ್ತೇವೆ. ಅವರಲ್ಲಿ ಮಾತಿಗೆ ಬರವಿಲ್ಲ. ಮನೆಯಲ್ಲಿ ಅದಕ್ಕೆ ಜಾಗ ಸಿಗುತ್ತಿಲ್ಲ, ಅಷ್ಟೇ.

ಸಿದ್ದಾಪುರದ ಕಡೆಯ ತಾಯಿಯೊಬ್ಬರು ಹೇಳಿದ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಹೆಸರು ಬೇಡ. ಅವರ ಹಿರಿ ಮಗಳು ಎಸೆಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಕುಟುಂಬದಲ್ಲಿ ಒಂದು ಮದುವೆಯಿತ್ತು. ಬಟ್ಟೆ ತರಲು ಹುಬ್ಬಳ್ಳಿಗೆ ಹೋಗಬೇಕಿತ್ತು. ಯಾವಾಗಲೂ ಗಂಡ, ನಾದಿನಿ, ಚಿಕ್ಕ ಮಕ್ಕಳು ಎಂದು ದೊಡ್ಡ ದಂಡೇ ಹೊರಡುವುದು ವಾಡಿಕೆ. ಆ ಸಲ ಯಾರಿಗೂ ಬಿಡುವಿರಲಿಲ್ಲ. ತಾಯಿ, ಮಗಳು ಇಬ್ಬರೇ ಹೊರಟರು.

ಸಿದ್ದಾಪುರದಿಂದ ಶಿರಸಿ, ಅಲ್ಲಿಂದ ಮುಂಡಗೋಡ ಮಾರ್ಗವಾಗಿ ಹುಬ್ಬಳ್ಳಿ. ಬಸ್ಸಿನಲ್ಲಿ ಕಡಿಮೆಯೆಂದರೂ ನಾಲ್ಕು ತಾಸು. ಶಿರಸಿಯವರೆಗೆ ಮಗಳು ಮೊಬೈಲ್ ನೋಡುತ್ತಲೇ ಇದ್ದಳು. ತಾಯಿ ಏನೂ ಅನ್ನಲಿಲ್ಲ. ಶಿರಸಿ ದಾಟಿದ ಮೇಲೆ ಕಾಡಿನ ನಡುವೆ ನೆಟ್‌ವರ್ಕ್ ಹೋಯಿತು. ಮಗಳು ಮೊಬೈಲ್ ಚೀಲಕ್ಕೆ ಹಾಕಿ ಕಿಟಕಿಯಾಚೆ ನೋಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ಮುಖ ತಿರುಗಿಸದೆಯೇ ಕೇಳಿದಳು: "ಅಮ್ಮೀ, ನನ್ನನ್ನು ಮುಂದೆ ಓದಿಸುತ್ತೀರೋ ಇಲ್ಲವೋ?"

ತಾಯಿಗೆ ಎದೆ ಧಸಕ್ಕೆಂದಿತು. ಎರಡು ತಿಂಗಳ ಹಿಂದೆ ಸಂಬಂಧಿಕರೊಬ್ಬರು ಫೋನಿನಲ್ಲಿ ಒಂದು ಸಂಬಂಧದ ಬಗ್ಗೆ ಮಾತು ತೆಗೆದಿದ್ದರು. ಹುಡುಗ ಒಳ್ಳೆಯವನು, ಈಗ ಮಾತಾಡಿಟ್ಟರೆ ಮುಂದೆ ಮಾಡಬಹುದು ಎಂದಿದ್ದರು. ಮಗಳಿಗೆ ಅದು ಕೇಳಿಸಿತ್ತು. ಅಂದಿನಿಂದ ಅವಳು ಅದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಮನೆಯವರು ಅದನ್ನು ಸೊಕ್ಕು, ಸಿಡುಕು ಎಂದುಕೊಂಡಿದ್ದರು.

"ಅದೆಲ್ಲ ನಿನಗೇಕೆ, ದೊಡ್ಡವರು ನೋಡಿಕೊಳ್ಳುತ್ತಾರೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಅದನ್ನು ನುಂಗಿಕೊಂಡು ತಾಯಿ ಕೇಳಿದರು: "ನಿನ್ನ ಮನಸ್ಸಿನಲ್ಲಿ ಏನಿದೆ ಬೇಟಾ?" ಅಲ್ಲಿಂದ ಮುಂಡಗೋಡದವರೆಗೆ ಮಗಳು ಮಾತಾಡಿದಳು. ತಾಯಿ ಕೇಳಿಸಿಕೊಂಡರು. ಆಮೇಲೆ ಅವರೂ ಮಗಳಿಗೆ ಎಂದೂ ಹೇಳದ ಒಂದು ಮಾತನ್ನು ಹೇಳಿದರು. ಏಳನೆಯ ತರಗತಿ ಮುಗಿದಾಗ ಅವರ ಶಾಲೆ ಬಿಡಿಸಿದ್ದರು. ಪುಸ್ತಕಗಳನ್ನು ತಂಗಿಗೆ ಕೊಟ್ಟ ದಿನ ಬಚ್ಚಲಿಗೆ ಹೋಗಿ ಅತ್ತಿದ್ದರು. ತನ್ನ ತಾಯಿಯೂ ಒಂದು ಕಾಲದಲ್ಲಿ ಹನ್ನೆರಡು-ಹದಿಮೂರರ ಹುಡುಗಿಯಾಗಿದ್ದಳು ಎಂಬುದು ಮಗಳಿಗೆ ಹೊಳೆದದ್ದು ಬಹುಶಃ ಆವತ್ತೇ.

ದುರ್ಗದ ಬೈಲಿನಲ್ಲಿ ಬಟ್ಟೆ ಖರೀದಿ ಬೇಗ ಮುಗಿಯಿತು. "ಧಾರವಾಡ ನೋಡಬೇಕು" ಎಂದಳು ಮಗಳು. ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ದಾರಿಯಲ್ಲಿ ಓಡುವ ಚಿಗರಿ ಬಸ್ಸಿದೆ. ತಾಯಿಗೆ ಅದರ ಗುರುತಿಲ್ಲ. ಮಗಳೇ ವಿಚಾರಿಸಿದಳು, ಟಿಕೆಟ್ ತೆಗೆಸಿದಳು, ರಸ್ತೆ ದಾಟುವಾಗ ತಾಯಿಯ ಕೈ ಹಿಡಿದುಕೊಂಡಳು. ಆದರೆ ಹೆಸರು ತಪ್ಪಾಗಿ ಕೇಳಿಸಿಕೊಂಡು ಎರಡು ನಿಲ್ದಾಣ ಮೊದಲೇ ಇಳಿಸಿಬಿಟ್ಟಳು. ಮಧ್ಯಾಹ್ನದ ಬಿಸಿಲು, ಕೈಯಲ್ಲಿ ಬಟ್ಟೆಯ ಗಂಟು. ತಾಯಿ ಗದರಲಿಲ್ಲ. "ಬಾ, ಕಬ್ಬಿನ ಹಾಲು ಕುಡಿದು ನಡೆಯೋಣ" ಎಂದರು.

ಇಲ್ಲಿ ನನಗೆ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಬರುವ ಒಂದು ಪ್ರಯಾಣ ನೆನಪಾಗುತ್ತದೆ. ಪ್ರವಾದಿ ಮೂಸಾ(ಅ) ಒಬ್ಬ ಯುವಕನನ್ನು ಕರೆದುಕೊಂಡು ದೂರ ಹೊರಟಿದ್ದರು. ನಡೆದು ದಣಿದು ಊಟ ಕೇಳಿದಾಗ, ಮೀನನ್ನು ಬಂಡೆಯ ಬಳಿ ಮರೆತೆನೆಂದು ಆ ಯುವಕ ಹೇಳಿದ. ಮೂಸಾ(ಅ) ಬಯ್ಯಲಿಲ್ಲ. ನಾವು ಹುಡುಕುತ್ತಿದ್ದ ಜಾಗ ಅದೇ ಎಂದು ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು. ಹಸಿವು, ದಣಿವು ಇರುವಾಗ ಕಿರಿಯರ ಮರೆವನ್ನು ಹೀಗೆ ಸ್ವೀಕರಿಸುವುದು ಸುಲಭವಲ್ಲ. ಮನೆಯಲ್ಲಿ ಒಂದು ಲೋಟ ಒಡೆದರೆ ನಾವು ಎಷ್ಟು ದಿನ ಆಡಿ ತೋರಿಸುತ್ತೇವೆ ಎಂದು ಯೋಚಿಸಿ.

ತಾಯಿ-ಮಗಳು ಕರ್ನಾಟಕ ಕಾಲೇಜಿನ ಹತ್ತಿರ ಹೋದರು. 1917ರಲ್ಲಿ ಶುರುವಾದ ಹಳೆಯ ಕಾಲೇಜು ಅದು. ಪುಸ್ತಕ ಹಿಡಿದು, ಸ್ಕಾರ್ಫ್ ಕಟ್ಟಿ ನಡೆಯುತ್ತಿದ್ದ ಹುಡುಗಿಯರನ್ನು ಅಲ್ಲಿ ತಾಯಿ ನೋಡಿದರು. ಹೆದರಿಕೆಯ ಜಾಗವೆಂದು ಅಂದುಕೊಂಡಿದ್ದ ಊರು ಅವರಿಗೆ ಅಷ್ಟು ಹೆದರಿಕೆಯದ್ದಾಗಿ ಕಾಣಲಿಲ್ಲ.

ಸಹೋದರಿಯರೇ, ಮನೆಯಲ್ಲಿ ಬಾರದ ಮಾತು ಬಸ್ಸಿನಲ್ಲಿ ಏಕೆ ಬಂತು? ಮನೆಯಲ್ಲಿ ಮಾತಾಡಲು ಕುಳಿತರೆ ಎದುರುಬದುರು ಕೂರುತ್ತೇವೆ. ಮಕ್ಕಳಿಗೆ ಅದು ವಿಚಾರಣೆಯಂತೆ ಕಾಣುತ್ತದೆ. ಬಸ್ಸಿನಲ್ಲಿ ಪಕ್ಕಪಕ್ಕ ಕೂತಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ನಡುವೆ ಎದ್ದು ಹೋಗಲು ಒಲೆಯ ಮೇಲೆ ಹಾಲಿಲ್ಲ. ಅಜ್ಜಿ, ಚಿಕ್ಕಮ್ಮ ಕೇಳಿಸಿಕೊಳ್ಳುತ್ತಾರೆಂಬ ಅಳುಕಿಲ್ಲ. ಗುರುತಿಲ್ಲದ ಊರಿನಲ್ಲಿ ಮಕ್ಕಳ ಸಹಾಯ ನಮಗೆ ನಿಜವಾಗಿಯೂ ಬೇಕಾಗುತ್ತದೆ. ತಾನು ಬೇಕಾದವಳು ಎಂದು ತಿಳಿದ ಮಗಳು ಮನಸ್ಸು ಬಿಚ್ಚುತ್ತಾಳೆ.

ಹಣದ ಚಿಂತೆ ಬೇಡ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ತಾಯಿ, ಮಗಳು ಇಬ್ಬರ ಆಧಾರ್ ಕಾರ್ಡ್ ಚೀಲದಲ್ಲಿರಲಿ. ಎಸಿ ಮತ್ತು ಐಷಾರಾಮಿ ಬಸ್ಸುಗಳಿಗೆ ದುಡ್ಡು ಕೊಡಬೇಕು. ಯಲ್ಲಾಪುರದವರಿಗೆ ಹುಬ್ಬಳ್ಳಿ ಇನ್ನೂ ಹತ್ತಿರ, ಕಲಘಟಗಿ ಮೇಲೆ ಸುಮಾರು 70 ಕಿಲೋಮೀಟರ್. ಸಿದ್ದಾಪುರದವರಿಗೆ ತಾಳಗುಪ್ಪದಿಂದ ಶಿವಮೊಗ್ಗಕ್ಕೆ ರೈಲಿದೆ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆಂದು ಹೆಸರಾದ ಪ್ಲಾಟ್‌ಫಾರಂ ಇದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಮಗನ ಜೊತೆ ನಡೆದು ನೋಡಿ, ಎಷ್ಟು ಮಾತು ಹಿಡಿಸುತ್ತದೆಂದು ತಿಳಿಯುತ್ತದೆ. ಹಳ್ಳಿಯಲ್ಲಿರುವವರಿಗೆ ಶಿರಸಿ ಪೇಟೆಯೇ ಸಾಕು.

ಕೆಲವು ವಿಷಯಗಳನ್ನು ನೆನಪಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಮಗುವನ್ನು ಕರೆದೊಯ್ಯಿರಿ, ಉಳಿದವರ ಸರದಿ ಮುಂದೆ ಬರಲಿ. ಆ ದಿನದ ಖರ್ಚಿನ ಹಣ ಮಗುವಿನ ಕೈಯಲ್ಲೇ ಇರಲಿ, ಲೆಕ್ಕ ಅದೇ ಬರೆಯಲಿ. ಅರ್ಧ ದಿನ ನಿಮ್ಮ ಕೆಲಸಕ್ಕಾದರೆ ಅರ್ಧ ದಿನ ಅವರ ಇಷ್ಟಕ್ಕೆ. ಝುಹ್ರ್ ನಮಾಝಿಗೆ ಮಹಿಳೆಯರಿಗೆ ಜಾಗವಿರುವ ಮಸೀದಿ ಎಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ. ಜನರೆದುರು ಗದರಬೇಡಿ. ಸಿಕ್ಕಿದ್ದೇ ಸಮಯವೆಂದು ಉಪದೇಶವನ್ನೂ ಶುರು ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ದಾರಿಯಲ್ಲಿ ಕೇಳಿದ ಗುಟ್ಟು ನಿಮ್ಮಲ್ಲೇ ಇರಲಿ. ಮರುದಿನ ಅದನ್ನು ನಾದಿನಿಗೆ ಫೋನಿನಲ್ಲಿ ಹೇಳಿದಿರೋ, ಆ ಬಾಗಿಲು ಮತ್ತೆ ತೆರೆಯುವುದು ಕಷ್ಟ. ತಂದೆಗೆ ಹೇಳಲೇಬೇಕಾದ ವಿಷಯವಾದರೆ "ಅಬ್ಬಾಗೆ ಹೇಳಲೇ?" ಎಂದು ಮಗಳನ್ನೇ ಕೇಳಿ.

ಸಿದ್ದಾಪುರದ ಆ ತಾಯಿ ಹಾಗೆಯೇ ಮಾಡಿದರು. ಮಗಳ ಒಪ್ಪಿಗೆ ಪಡೆದು ಗಂಡನೊಂದಿಗೆ ಮಾತಾಡಿದರು. ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದು ಕಾನೂನಿನಲ್ಲಿ ಅಪರಾಧ ಎಂಬುದು ತಂದೆಗೂ ಗೊತ್ತಿತ್ತು. ಆದರೆ ಮಾತು ಕೊಟ್ಟಿಟ್ಟರೂ ಮಗಳ ಓದಿನ ಮನಸ್ಸು ಮುರಿಯುತ್ತದೆ ಎಂಬುದು ಅವರ ತಲೆಗೆ ಹೋಗಿರಲಿಲ್ಲ. "ಮೊದಲು ಪಿಯುಸಿ ಮುಗಿಯಲಿ, ಆಮೇಲೆ ಅವಳನ್ನೇ ಕೇಳೋಣ" ಎಂದರು. ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮೊಬೈಲಿನ ಜಗಳ ಇನ್ನೂ ಇದೆ. ಆದರೆ ಸಂಜೆ ಚಹಾ ಮಾಡುವಾಗ ಅಡುಗೆಮನೆಗೆ ಬಂದು ತಾಯಿಯ ಪಕ್ಕ ನಿಲ್ಲುತ್ತಾಳಂತೆ.

ತಂದೆಯಂದಿರು ಗಂಡುಮಕ್ಕಳನ್ನು ಅಂಗಡಿಯ ಸಾಮಾನು ತರಲು ಹೇಗೂ ಪೇಟೆಗೆ ಕಳಿಸುತ್ತಾರೆ. ಕಳಿಸುವ ಬದಲು ಒಮ್ಮೆ ಜೊತೆಗೆ ಹೋಗಲು ಅವರಿಗೂ ಹೇಳಿ. ಮುಂದಿನ ರಜೆಯಲ್ಲಿ ಒಂದು ದಿನವನ್ನು ಇದಕ್ಕಾಗಿ ತೆಗೆದಿಡಿ. ಬೆಳಗಿನ ಬಸ್ಸಿಗೆ ಹೊರಡಿ, ಕಿಟಕಿಯ ಪಕ್ಕದ ಸೀಟು ಮಕ್ಕಳಿಗೆ ಬಿಡಿ.