ಓಡುವವರಿಗೆ ಬೀಗ, ಬೈಪಾಸೇ ಗತಿ

ಬೆಳಗಿನ ಜಾವ ಐದೂಕಾಲಿನ ಮೊದಲ ಬಸ್ಸು ಹಿಡಿಯುವವರಿಗೆ ಈ ದೃಶ್ಯ ಹೊಸದೇನಲ್ಲ. ಬಸ್ಸು ಡಿಪೋ ದಾಟಿ ಬೈಪಾಸಿಗೆ ತಿರುಗಿದ ಕೂಡಲೇ ಹೆಡ್‌ಲೈಟಿನ ಬೆಳಕಿಗೆ ಏಳೆಂಟು ಮಂದಿ ಚಡ್ಡಿ ಬನಿಯನ್ನಿನವರು ರಸ್ತೆ ಅಂಚಿನಲ್ಲಿ ಸಾಲಾಗಿ ಓಡುತ್ತಿರುತ್ತಾರೆ. ಡ್ರೈವರು ಹಾರ್ನ್ ಒತ್ತುತ್ತಾನೆ. ಕಿಟಕಿ ಪಕ್ಕದವರು “ಇವರಿಗೆ ಮಾಡೋಕೆ ಕೆಲಸ ಇಲ್ವೇನ್ರೀ” ಅಂತ ಗೊಣಗಿ ಮತ್ತೆ ಕಣ್ಣು ಮುಚ್ಚುತ್ತಾರೆ.

ಕೆಲಸ ಇದೆ ಸ್ವಾಮಿ. ಇರುವುದರಿಂದಲೇ ಆ ಹೊತ್ತಿಗೆ ಓಡುತ್ತಾರೆ. ಆ ಸಾಲಿನಲ್ಲಿ ಪೇಟೆ ಬೀದಿಯ ದಿನಸಿ ಅಂಗಡಿಯವರಿದ್ದಾರೆ, ಅವರು ಏಳೂವರೆಗೆ ಶಟರ್ ಎತ್ತಬೇಕು. ಹೈಸ್ಕೂಲಿನ ಮೇಷ್ಟ್ರೊಬ್ಬರಿದ್ದಾರೆ. ಟೈಲರ್ ಇದ್ದಾರೆ, ಮೊಬೈಲ್ ರಿಪೇರಿಯ ಹುಡುಗ ಇದ್ದಾನೆ, ರಾತ್ರಿ ಪಾಳಿ ಇಲ್ಲದ ದಿನ ಬರುವ ಬಸ್ ಕಂಡಕ್ಟರೂ ಇದ್ದಾರೆ. ಯಾರೂ ಒಲಿಂಪಿಕ್ಸಿಗೆ ಹೊರಟವರಲ್ಲ. ಡಾಕ್ಟರು ಸಕ್ಕರೆ ಇದೆ ಅಂತ ಚೀಟಿ ಬರೆದುಕೊಟ್ಟ ಮಾರನೇ ದಿನ ಓಡೋಕೆ ಬಂದವರೇ ಜಾಸ್ತಿ. ಮೊದಲ ದಿನ 400 ಮೀಟರಿನ ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕೂತವರು, ಈಗ 10 ಕಿಲೋಮೀಟರು ಓಡಿ ಬಂದು ನೆಟ್ಟಗೆ ನಿಂತು ಟೀ ಕುಡಿಯುತ್ತಾರೆ.

ಇವರ ತಾಲೀಮಿನ ಲೆಕ್ಕ ಅಂಗಡಿ ಲೆಕ್ಕದ ಹಾಗೇ ಇದೆ. ವಾರದ ದಿನಗಳಲ್ಲಿ ಚಿಲ್ಲರೆ, ಭಾನುವಾರ ಹೋಲ್‌ಸೇಲ್. ವಾರದಲ್ಲಿ ಮೂರು ನಾಲ್ಕು ದಿನ ಐದಾರು ಕಿಲೋಮೀಟರು, ಭಾನುವಾರ ಮಾತ್ರ ಉದ್ದ ಓಟ. ಅದನ್ನ ನಿಧಾನವಾಗಿಯೇ ಓಡಬೇಕು, ಪಕ್ಕದವನ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಮಾತು ನಿಂತು ಬರೀ ಉಸಿರು ಕೇಳಿಸಿದರೆ ವೇಗ ಜಾಸ್ತಿಯಾಯ್ತು ಅಂತಲೇ ಅರ್ಥ. ಹೀಗೆ ಎರಡು ಗಂಟೆ ಮಾತಾಡುತ್ತಾ ಓಡಿದರೆ ಇನ್ನೇನಾಗುತ್ತೆ? ಒಬ್ಬರ ಮನೆ ಸಮಾಚಾರವೆಲ್ಲ ಇನ್ನೊಬ್ಬರ ಕಿವಿಗೆ ಬೀಳುತ್ತೆ. ಸೈಟಿನ ವ್ಯಾಜ್ಯ, ಮಗಳ ಎಸ್.ಎಸ್.ಎಲ್.ಸಿ. ಮಾರ್ಕ್ಸು, ತಮ್ಮನಿಗೆ ಹೆಣ್ಣು ನೋಡಿದ್ದು, ಎಲ್ಲಾ ಆ ಕತ್ತಲಲ್ಲೇ ಇತ್ಯರ್ಥ.

ರೇಸುಗಳಿಗೂ ಈ ಗುಂಪು ಹೋಗುತ್ತೆ. ಬೆಂಗಳೂರಲ್ಲಿ 2008ರಲ್ಲಿ ಶುರುವಾದ ಟಿ.ಸಿ.ಎಸ್. ವರ್ಲ್ಡ್ 10ಕೆ ಇದೆ. ಅಲ್ಲಿ ಆಫ್ರಿಕಾದ ಓಟಗಾರರು ಅರ್ಧ ಗಂಟೆಯೊಳಗೆ 10 ಕಿಲೋಮೀಟರು ಮುಗಿಸಿ ಬಹುಮಾನ ತಗೊಂಡು ಹೋಗುತ್ತಾರೆ, ಅದೇ ರಸ್ತೆಯಲ್ಲಿ ನಮ್ಮವರು ಒಂದೂಕಾಲು ಗಂಟೆ ಓಡುತ್ತಾರೆ. ಬರೀ ಮೋಜಿಗೆ ಓಡುವವರಿಗೆ ಅಂತ ‘ಮಜ್ಜಾ ರನ್’ ಅಂತಲೇ ಬೇರೆ ಇಟ್ಟಿದ್ದಾರೆ. ಶ್ರೀರಂಗಪಟ್ಟಣದ ಹತ್ತಿರ ನಾಲೆ ಏರಿ ಮೇಲೆ 2007ರಲ್ಲಿ ಶುರುವಾದ ಕಾವೇರಿ ಟ್ರೇಲ್ ಮ್ಯಾರಥಾನ್ ಇದೆ. ಟಾರು ರಸ್ತೆಯಲ್ಲ, ಮಣ್ಣು ಹಾದಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಪೂರಾ ಮ್ಯಾರಥಾನ್ ಅಂದರೆ 42.195 ಕಿಲೋಮೀಟರು. ನಮ್ಮೂರಿನವರು ಅದರ ಅರ್ಧಕ್ಕಿಂತ ಮುಂದೆ ಹೋಗಿಲ್ಲ, ಹೋಗಬೇಕಾದ ಅರ್ಜೆಂಟೂ ಇಲ್ಲ.

ಮೆಡಲು ಎಲ್ಲಿ ನೇತು ಹಾಕಿದ್ದಾರೆ ಅಂತ ನೋಡಬೇಕಾದರೆ ಆ ದಿನಸಿ ಅಂಗಡಿಗೆ ಹೋಗಿ. ಗಲ್ಲಾ ಮೇಲಿನ ಲಕ್ಷ್ಮೀ ಪಟದ ಮೊಳೆಗೇ ಜೋತು ಬಿದ್ದಿದೆ. ಓಡಿ ಮುಗಿಸಿದವರಿಗೆಲ್ಲ ಕೊಡುವ ಮೆಡಲದು. ಆದರೆ ಐವತ್ತೆರಡು ವರ್ಷದ ಮನುಷ್ಯನಿಗೆ ಜೀವಮಾನದಲ್ಲಿ ಸಿಕ್ಕ ಮೊದಲ ಮೆಡಲೂ ಅದೇ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಮಜ್ಜಾ ರನ್ನಿಗೆ ಹೋಗಿದ್ದರು. ಆಯಮ್ಮ ಸೀರೆ ಮೇಲೆ ಟೀ ಶರಟು ಹಾಕಿಕೊಂಡು, ಅರ್ಧ ಓಡಿ ಅರ್ಧ ನಡೆದು, ಗಂಡನಿಗಿಂತ ಮುಂಚೆ ಗೆರೆ ಮುಟ್ಟಿದರಂತೆ. “ಅವರು ಫೋಟೋ ತೆಗೆಸಿಕೊಳ್ಳೋಕೆ ನಿಂತ್ಕೊಂಡಿದ್ರು” ಅಂತ ನಮ್ಮ ಹತ್ತಿರ ಹೇಳಿ ನಕ್ಕರು. ಕಂಡಕ್ಟರ ಮಗಳ ನಾಮಕರಣ ಭಾನುವಾರ ಬಿದ್ದಾಗ ಇಡೀ ಗುಂಪು ಓಟ ಮುಗಿಸಿ ಬೆವರು ಒರೆಸಿಕೊಂಡು ನೇರ ಛತ್ರಕ್ಕೇ ಬಂದಿತ್ತು. ಹೋಳಿಗೆ ಲೆಕ್ಕದಲ್ಲಿ ಅಡುಗೆಯವರು ಸೋತರು.

ಟೈಲರ ತಂದೆ ತೀರಿಕೊಂಡಾಗ ಹದಿಮೂರು ದಿನ ಅವರು ಮನೆಯಿಂದ ಹೊರಗೆ ಬರಲಿಲ್ಲ. ಹದಿನಾಲ್ಕನೇ ದಿನ ನಸುಕಿನಲ್ಲಿ ಮೂವರು ಅವರ ಮನೆ ಮುಂದೆ ಹೋಗಿ ನಿಂತರು. ಯಾರೂ ಏನೂ ಮಾತಾಡಲಿಲ್ಲವಂತೆ. ಒಳಗೆ ಲೈಟು ಹತ್ತಿತು, ಅವರು ಷೂ ಹಾಕಿಕೊಂಡು ಬಂದರು. ಆವತ್ತಿನ ಓಟದಲ್ಲಿ ಮಾತಿಲ್ಲ. ಆದರೂ ನಿಧಾನವೇ.

ದುಃಖಕ್ಕೆ ಓಟ ಹಿಡಿದ ಇನ್ನೊಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಪಂಜಾಬಿನ ಜಲಂಧರ ಜಿಲ್ಲೆಯ ಬಿಯಾಸ್ ಪಿಂಡ್ ಅನ್ನೋ ಹಳ್ಳಿಯ ರೈತ ಫೌಜಾ ಸಿಂಗ್. 1994ರಲ್ಲಿ ಒಬ್ಬ ಮಗ ಅಪಘಾತದಲ್ಲಿ ತೀರಿಕೊಂಡ. ಲಂಡನ್ನಿನಲ್ಲಿದ್ದ ಇನ್ನೊಬ್ಬ ಮಗನ ಮನೆ ಸೇರಿ, ಸುಮ್ಮನೆ ಕೂರಲಾರದೆ ಓಡಲು ಹಿಡಿದರು. 2000ದಲ್ಲಿ, 89ನೇ ವಯಸ್ಸಿನಲ್ಲಿ, ಮೊದಲ ಸಲ ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ, 100 ವರ್ಷ ತುಂಬಿದ ಮೇಲೆ, ಕೆನಡಾದ ಟೊರೊಂಟೊದಲ್ಲಿ ಪೂರಾ ಮ್ಯಾರಥಾನನ್ನು 8 ಗಂಟೆ 11 ನಿಮಿಷದಲ್ಲಿ ಮುಗಿಸಿದರು. ಜನನ ಪತ್ರ ತೋರಿಸಿ ಅಂತ ಗಿನ್ನೆಸ್‌ನವರು ಕೇಳಿದರು. 1911ರ ಹಳ್ಳಿಯಲ್ಲಿ ಜನನ ಪತ್ರ ಎಲ್ಲಿಂದ ಬರಬೇಕು? ದಾಖಲೆ ಸಿಗಲಿಲ್ಲ. (ನಮ್ಮ ತಾಲೂಕು ಕಚೇರಿ ಮೆಟ್ಟಿಲು ಸವೆಸಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣದು.)

ಅಂಥ ಮನುಷ್ಯನನ್ನು ಮುಪ್ಪು ಕೊಲ್ಲಲಿಲ್ಲ. 2025ರ ಜುಲೈ 14ರಂದು, 114ನೇ ವಯಸ್ಸಿನಲ್ಲಿ, ಸ್ವಂತ ಹಳ್ಳಿಯ ಹತ್ತಿರ ಹೆದ್ದಾರಿ ದಾಟುವಾಗ ಕಾರು ಹೊಡೆದು ಹೋದರು.

ಈಗ ನಮ್ಮ ಬೈಪಾಸಿಗೆ ಬನ್ನಿ. ಕಲ್ಲು ಕ್ವಾರಿಯ ಟಿಪ್ಪರುಗಳು, ತರಕಾರಿ ಲಾರಿಗಳು, ರಾತ್ರಿಯಿಡೀ ಓಡಿಸಿ ಕಣ್ಣು ಎಳೆಯುತ್ತಿರುವ ಡ್ರೈವರುಗಳು, ಎಲ್ಲಾ ಅಲ್ಲಿ ಸಿಗೋದು ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ. ದೀಪದ ಕಂಬಗಳಿವೆ, ದೀಪ ಇಲ್ಲ. ಹೋದ ತಿಂಗಳು ಟಿಪ್ಪರೊಂದು ಮೇಷ್ಟ್ರ ತೋಳಿಗೆ ಗಾಳಿ ಹೊಡೆಯುವಷ್ಟು ಹತ್ತಿರ ಹಾದುಹೋಯ್ತು. ಅವರು ಚರಂಡಿಗೆ ಹಾರಿ ಮಂಡಿ ಕಿತ್ತುಕೊಂಡರು. “ಮಂಡಿ ತಾನೇ, ಬಿಡಿ” ಅಂದರು. ಬಿಡೋಕಾಗುತ್ತಾ?

ಬೈಪಾಸಿಗೆ ಯಾಕೆ ಹೋಗ್ತೀರಿ, ಕ್ರೀಡಾಂಗಣ ಇಲ್ಲವೇ ಅಂತ ಕೇಳಬಹುದು. ಇದೆ. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಜಿಲ್ಲಾ ಕ್ರೀಡಾಂಗಣ ಊರ ನಡುಮಧ್ಯೆ ಇದೆ. ಸುತ್ತ ಗೋಡೆ ಇದೆ, ಒಳಗೆ ಮಣ್ಣಿನ ಟ್ರ್ಯಾಕ್ ಇದೆ, ನಾಲ್ಕು ಮೂಲೆಗೆ ದೀಪವೂ ಇದೆ. ಗೇಟಿಗೆ ಮಾತ್ರ ಬೆಳಗ್ಗೆ ಆರೂವರೆವರೆಗೆ ಬೀಗ. ಕಾವಲುಗಾರ ಒಬ್ಬನೇ, ಅವನು ಬರುವುದೇ ಆ ಹೊತ್ತಿಗೆ. ಏಳೂವರೆಗೆ ಅಂಗಡಿ ತೆರೆಯುವವನು ಆರೂವರೆಗೆ ಒಳಗೆ ಹೋಗಿ ಓಡುವುದು ಯಾವಾಗ, ಸ್ನಾನ ಮಾಡುವುದು ಯಾವಾಗ? ಬೇಸಿಗೆಯಲ್ಲಂತೂ ಆ ವೇಳೆಗೆ ಬಿಸಿಲು ಬೆನ್ನಿಗೆ ಬಿದ್ದಿರುತ್ತೆ. ಅಲ್ಲಿಗೆ ಕ್ರೀಡಾಂಗಣ ಯಾರಿಗೆ ಉಳೀತು? ಆಗಸ್ಟ್ 15ರ ಪೆರೇಡಿಗೆ, ಸಾಹೇಬರ ಕಾರು ನಿಲ್ಲಿಸೋಕೆ.

ಹೆಂಗಸರ ಮಾತೇ ಬೇರೆ. ಗಂಡಸರು ಬೈಪಾಸಿಗಾದರೂ ಹೋದರು. ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬರು ಆರು ತಿಂಗಳು ಮನೆ ಟೆರೇಸಿನ ಮೇಲೆ ಸುತ್ತಿ ಸುತ್ತಿ ಓಡಿದ್ದಾರೆ. ಕೆಳಗಿನ ಮನೆಯವರು ಸದ್ದಾಗುತ್ತೆ ಅಂತ ತಕರಾರು ತೆಗೆದ ಮೇಲೆ ಅದೂ ನಿಂತಿದೆ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದೇ 1984ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಅದೇ ಒಲಿಂಪಿಕ್ಸು. ಅಷ್ಟು ದೂರ ಹೆಂಗಸರು ಓಡಲಾರರು ಅಂತ ಅಲ್ಲಿವರೆಗೆ ದೊಡ್ಡವರು ನಂಬಿಕೊಂಡಿದ್ದರು. ಆ ನಂಬಿಕೆ ಹೋಗಿ ನಲವತ್ತು ವರ್ಷ ದಾಟಿತು. ನಮ್ಮೂರ ಗೇಟಿನ ಬೀಗ ಹೋಗಿಲ್ಲ. ದೀಪ ಇರುವ, ಗೋಡೆ ಇರುವ ಜಾಗ ಒಂದು ತೆರೆದರೆ ಹತ್ತು ಜನ ಹೆಂಗಸರು ಬರುತ್ತೇವೆ ಅಂತ ಆ ನರ್ಸಮ್ಮ ಹೆಸರು ಸಮೇತ ಪಟ್ಟಿ ಇಟ್ಟುಕೊಂಡಿದ್ದಾರೆ.

ಇದರ ಮೇಲೆ ಇನ್ನೊಂದು ಸುದ್ದಿ. ಬೆಳಗ್ಗೆ ಬೇಗ ತೆರೆಯೋಣ, ಆದರೆ ತಿಂಗಳಿಗೆ ಇಷ್ಟು ಅಂತ ಪಾಸು ಮಾಡೋಣ ಅನ್ನೋ ಮಾತು ಕಚೇರಿ ವರಾಂಡದಲ್ಲಿ ಓಡಾಡುತ್ತಿದೆ. ಟ್ರ್ಯಾಕ್ ಸವೆಯುತ್ತಂತೆ, ಕರೆಂಟು ಬಿಲ್ಲು ಬರುತ್ತಂತೆ. ಈ ಮಾತು ಬೇರೆ ಕಡೆಯೂ ಬಂದಿದೆ, ಏನಾಯ್ತು ಕೇಳಿ.

ಇಂಗ್ಲೆಂಡಿನಲ್ಲಿ ‘ಪಾರ್ಕ್‌ರನ್’ ಅಂತ ಒಂದು ಓಟ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನರಿಂದ ಶುರುವಾಯ್ತು. ಗಾಯವಾಗಿ ತಾನೇ ಓಡಲಾಗದ ಒಬ್ಬಾತ ಸ್ನೇಹಿತರ ಸಮಯ ಬರೆದುಕೊಳ್ಳೋಕೆ ನಿಂತ, ಅಷ್ಟೇ. ಪ್ರತಿ ಶನಿವಾರ ಬೆಳಗ್ಗೆ 5 ಕಿಲೋಮೀಟರು, ಯಾರು ಬೇಕಾದರೂ ಬರಬಹುದು, ಕಾಸಿಲ್ಲ. 50 ಓಟ, 100 ಓಟ ಮುಗಿಸಿದವರಿಗೆ ಬೇರೆ ಬೇರೆ ಬಣ್ಣದ ಟೀ ಶರಟು. ಇವತ್ತು ಹತ್ತಾರು ದೇಶಗಳಲ್ಲಿ ನಡೆಯುತ್ತೆ. 2016ರ ಏಪ್ರಿಲಿನಲ್ಲಿ ಬ್ರಿಸ್ಟಲ್ ಹತ್ತಿರದ ಸ್ಟೋಕ್ ಗಿಫರ್ಡ್ ಪಂಚಾಯ್ತಿಯವರು, ನಮ್ಮ ಪಾರ್ಕಿನ ಹಾದಿ ಸವೆಯುತ್ತಿದೆ, ಓಡುವವರು ದುಡ್ಡು ಕೊಡಲಿ ಅಂತ ಮತಕ್ಕೆ ಹಾಕಿದರು. ಪರ 6, ವಿರೋಧ 4. ಪುಕ್ಕಟೆ ಓಟಕ್ಕೆ ಟಿಕೆಟ್ ಇಡೋದಿಲ್ಲ ಅಂತ ನಡೆಸುವವರು ಆ ಊರಿನ ಓಟವನ್ನೇ ನಿಲ್ಲಿಸಿಬಿಟ್ಟರು. ದೇಶದ ಪೇಪರುಗಳಲ್ಲೆಲ್ಲ ರಾದ್ಧಾಂತ. ಮಾರನೇ ವರ್ಷ ಸರ್ಕಾರವೇ ಇಂಥ ಶುಲ್ಕಕ್ಕೆ ತಡೆ ಹಾಕುವ ಮಾತೆತ್ತಿತು. ಪಂಚಾಯ್ತಿಯವರ ಮಾತಿನಲ್ಲಿ ಹುರುಳೇ ಇಲ್ಲ ಅಂತ ನಾವು ಹೇಳುವುದಿಲ್ಲ, ಹಾದಿ ಸವೆಯೋದು ನಿಜ. ಆದರೆ ದುಡ್ಡೂ ಬರಲಿಲ್ಲ, ಓಟವೂ ಉಳಿಯಲಿಲ್ಲ.

ನಮ್ಮಲ್ಲಿ ಪಾಸು ಮಾಡಿದರೆ ಏನಾಗುತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಡ. ಮೇಷ್ಟ್ರು ಕೊಡುತ್ತಾರೆ, ಅಂಗಡಿಯವರು ಕೊಡುತ್ತಾರೆ. ಮೊಬೈಲ್ ರಿಪೇರಿ ಹುಡುಗ ಬೈಪಾಸಿಗೇ ಹೋಗುತ್ತಾನೆ. ಪೊಲೀಸ್ ಪೇದೆ ಕೆಲಸಕ್ಕೆ ಓಟದ ಪರೀಕ್ಷೆ ಇದೆ ಅಂತ ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರೂ ಅಲ್ಲಿಗೇ ಹೋಗುತ್ತಾರೆ. ಕಾಸಿಲ್ಲದವನು ಟಿಪ್ಪರಿನ ಪಕ್ಕ ಓಡಲಿ ಅನ್ನೋದಾದರೆ ಬೋರ್ಡಿನ ಮೇಲೆ ಹಾಗೇ ಬರೆಸಲಿ.

ಓಡುವವರ ಪರ ಇಷ್ಟು ಬರೆದ ಮೇಲೆ ಅವರಿಗೂ ಎರಡು ಮಾತು. ದೊಡ್ಡ ಊರುಗಳ ರೇಸಿನ ದಿನ ರಸ್ತೆ ಕಟ್ಟಿ, ಬಸ್ಸಿನವರನ್ನು ಗಂಟೆಗಟ್ಟಲೆ ನಿಲ್ಲಿಸಿ, ನೀರು ಕುಡಿದ ಲೋಟ ಬೀದಿ ತುಂಬಾ ಎಸೆದು ಹೋಗುವ ಚಾಳಿ ನಮ್ಮೂರಿಗೆ ಬರೋದು ಬೇಡ. ಒಂದು ಮೂಟೆ ಅಕ್ಕಿಯ ದುಡ್ಡು ಕೊಟ್ಟು ರೇಸಿಗೆ ಹೆಸರು ಬರೆಸೋದು ಅವರವರ ಇಷ್ಟ, ಆದರೆ ಷೂ ರೇಟು ಹೇಳಿಕೊಂಡು ಹೊಸಬರನ್ನು ಹೆದರಿಸಬೇಡಿ. ಗೇಟು ತೆರೆಯುವವರೆಗೆ ಬೈಪಾಸಿನಲ್ಲೇ ಓಡಬೇಕಾಗಿ ಬಂದರೆ ಬಲಗಡೆ ಅಂಚು ಹಿಡಿದು, ಎದುರು ಬರುವ ವಾಹನ ಕಣ್ಣಿಗೆ ಕಾಣುವ ಹಾಗೆ ಓಡಿ. ಕಪ್ಪು ಬನಿಯನ್ ಬೇಡ, ಬಿಳಿದು ಹಾಕಿ. ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಳ್ಳಲೇಬೇಡಿ.

ಕ್ರೀಡಾಂಗಣದ ಸಾಹೇಬರಲ್ಲಿ ನಾವು ಕೇಳುವುದು ಇಷ್ಟು: ಬೆಳಗ್ಗೆ ಐದಕ್ಕೆ ಗೇಟು ತೆರೆಯಲಿ, ಎರಡು ದೀಪ ಹತ್ತಲಿ, ಪಾಸಿನ ಮಾತು ಬಿಡಲಿ. ಕಾವಲುಗಾರನಿಗೆ ಇನ್ನೂ ಒಂದೂವರೆ ಗಂಟೆ ದುಡಿಸುವುದಾದರೆ ಅದಕ್ಕೆ ಕೂಲಿ ಕೊಡಬೇಕು, ಅದು ನ್ಯಾಯ. ಅಥವಾ ಕೀಲಿಕೈ ಮೇಷ್ಟ್ರ ಕೈಗೆ ಕೊಡಲಿ, ದಿನಾ ಸಹಿ ಹಾಕಿ ತೆರೆಯೋಕೆ ಸಿದ್ಧ ಅಂತ ಅವರು ಹೇಳಿದ್ದಾರೆ. ಲಿಖಿತ ಅರ್ಜಿ ಕೊಡಿ, ನೋಡೋಣ ಅಂತ ಕಚೇರಿಯವರ ಉತ್ತರ. ಕಚೇರಿ ಬಾಗಿಲು ತೆರೆಯೋದು ಹತ್ತಕ್ಕೆ, ಸಾಹೇಬರು ಬರೋದು ಹನ್ನೊಂದಕ್ಕೆ. ಆ ವೇಳೆಗೆ ಅಂಗಡಿಯವರು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ, ಮೇಷ್ಟ್ರು ಕ್ಲಾಸು ಬಿಡುವ ಹಾಗಿಲ್ಲ, ಕಂಡಕ್ಟರು ಬಸ್ಸಲ್ಲಿರುತ್ತಾರೆ. ಆದ್ದರಿಂದ ಇವತ್ತಿನ ಈ ಕಾಲಮ್ಮನ್ನೇ ಅರ್ಜಿ ಅಂತ ಅಂಟಿಸಿಕೊಳ್ಳಲಿ. ನರ್ಸಮ್ಮನ ಹತ್ತು ಹೆಸರಿನ ಪಟ್ಟಿ ನಮ್ಮ ಕಚೇರಿಯಲ್ಲಿದೆ, ಬೇಕಾದರೆ ಕಳಿಸಿಕೊಡುತ್ತೇವೆ.