ಕಣಜ ಯಾವುದು, ಕಳ್ಳ ಯಾರು?

ಕನ್ನಡದಲ್ಲಿ ಕಣಜ ಅಂದರೆ ಎರಡು. ಒಂದು ಕಾಳು ತುಂಬಿಡುವ ಕಣಜ, ಇನ್ನೊಂದು ಚುಚ್ಚುವ ಕಣಜ. ಎರಡನೆಯದು ಉಳಿದರೆ ಮೊದಲನೆಯದು ತುಂಬುತ್ತದೆ ಎಂಬ ಮಾತನ್ನು ಹೊಲದ ತನಕ ಮುಟ್ಟಿಸಬಲ್ಲ ವಿದ್ಯಾವಂತರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಹುಳು ಕಂಡ ಕೂಡಲೇ ರೈತನ ಕಾಲು ತಿರುಗುವುದು ಔಷಧಿ ಅಂಗಡಿಯ ಕಡೆಗೇ.

ಮುಸುಕಿನ ಜೋಳದ ಹೊಲದಲ್ಲಿ ಕಣ್ಣಿಟ್ಟು ನೋಡುವವರಿಗೆ ಒಂದು ದೃಶ್ಯ ಸಿಗುತ್ತದೆ. ಎಲೆಯ ಮೇಲೆ ಸೊರಗಿ ಬಿದ್ದ ಹುಳು. ಅದರ ಮಗ್ಗುಲಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಉಂಡೆಗಳ ಗುಂಪು. "ಅಯ್ಯೋ, ಹುಳ ಮೊಟ್ಟೆ ಇಟ್ಟುಬಿಡ್ತು" ಅಂತ ಹೊಸಕಿ ಹಾಕುವುದೇ ವಾಡಿಕೆ. ಮರುದಿನ ಔಷಧಿ ಹೊಡೆಯುವುದು.

ಹುಳು ಎಲ್ಲಾದರೂ ಮೊಟ್ಟೆ ಇಡುತ್ತದೆಯೇ ಸ್ವಾಮಿ? ಮೊಟ್ಟೆ ಇಡುವುದು ಪತಂಗ, ಹುಳು ಅದರ ಮರಿ. ಆ ಬಿಳಿ ಉಂಡೆಗಳು ಕಣಜದ ಗೂಡುಗಳು. ತಾಯಿ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚಿ ಹೋಗಿರುತ್ತದೆ. ಮರಿಗಳು ಒಳಗೇ ತಿಂದು ಬೆಳೆದು, ಚರ್ಮ ಸೀಳಿ ಹೊರಬಂದು ಗೂಡು ಕಟ್ಟುತ್ತವೆ. ಹುಳುವಿನ ಕಥೆ ಅಲ್ಲಿಗೆ ಮುಗಿಯಿತು. ಅಂದಮೇಲೆ ರೈತ ಹೊಸಕಿದ್ದು ಸಂಬಳವಿಲ್ಲದೆ ದುಡಿಯುತ್ತಿದ್ದ ತನ್ನದೇ ಕಾವಲುಗಾರನನ್ನು.

"ಸರಿ ಹಾಗಾದರೆ, ಕಣಜ ಒಳ್ಳೇದು, ಬಿಟ್ಟುಬಿಡೋಣ" ಅಂದರೂ ಕೆಲಸ ಮುಗಿಯಲಿಲ್ಲ. ಯಾವ ಕಣಜ ಅನ್ನೋದೇ ಪ್ರಶ್ನೆ. ಒಂದೊಂದಕ್ಕೂ ಒಂದೊಂದು ಕಸುಬು. ಟ್ರೈಕೋಗ್ರಾಮ ಹುಳುವನ್ನು ಮುಟ್ಟುವುದಿಲ್ಲ, ಪತಂಗದ ಮೊಟ್ಟೆಯನ್ನೇ ಹಾಳು ಮಾಡುತ್ತದೆ. ಅವರೆ, ಕಡಲೆಯ ಕಾಯಿ ಕೊರೆಯುವ ಹುಳು ಇನ್ನೂ ಎಳೆಯದಿರುವಾಗಲೇ ಹಿಡಿಯುವುದು ಕ್ಯಾಂಪೊಲೆಟಿಸ್ ಕ್ಲೋರಿಡೇ. ತೆಂಗಿನ ಗರಿ ಒಣಗಿಸುವ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ನೆಫಾಂಟಿಡಿಸ್. ಇದರ ತಾಯಿ ಹುಳುವಿನ ಮೇಲೆ ಮೊಟ್ಟೆ ಇಟ್ಟು ಮರಿಗಳ ಕಾವಲಿಗೂ ನಿಲ್ಲುತ್ತಾಳೆ. ತೆಂಗಿಗೆ ಬಿಡಬೇಕಾದ್ದನ್ನು ಜೋಳಕ್ಕೆ ಬಿಟ್ಟರೆ ದುಡ್ಡು ದಂಡ.

ಇನ್ನೊಂದು ತೊಡಕೂ ಉಂಟು. ಬಿಳಿ ಗೂಡಿನಿಂದ ಹಾರಿ ಬಂದದ್ದೆಲ್ಲಾ ರೈತನ ಮಿತ್ರನೇ ಅಂತ ಹೇಳುವಂತಿಲ್ಲ. ಕಣಜದ ಮರಿಯನ್ನೇ ತಿನ್ನುವ ಬೇರೆ ಕಣಜಗಳಿವೆ. ಇವನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವವನು! ಬರಿಗಣ್ಣಿಗೆ ಎರಡೂ ಕರಿ ಚುಕ್ಕೆ. ಸೂಕ್ಷ್ಮದರ್ಶಕದ ಕೆಳಗೆ ರೆಕ್ಕೆಯ ನರ, ಮೀಸೆಯ ಗಿಣ್ಣು, ಮೊಟ್ಟೆ ಚುಚ್ಚುವ ಸೂಜಿಯ ಉದ್ದ ನೋಡಿದವನೇ ಹೇಳಬೇಕು.

"ಹುಳ ಸತ್ತರೆ ಸಾಕು, ಹೆಸರು ಕಟ್ಟಿಕೊಂಡು ಏನಾಗಬೇಕು?" ಅಂತ ಕೇಳುವವರಿಗೆ ಹಳೇ ಮೈಸೂರಿನಲ್ಲೇ ಉತ್ತರ ಇದೆ. ಕಬ್ಬು ಕೊರೆಯುವ ಹುಳುವಿನ ವಿರುದ್ಧ ಟ್ರೈಕೋಗ್ರಾಮವನ್ನು ರಾಶಿ ರಾಶಿಯಾಗಿ ಸಾಕುವ ಪ್ರಯೋಗ ಮೈಸೂರು ಸಂಸ್ಥಾನದಲ್ಲಿ ನಡೆದು, ಟಿ.ವಿ. ಸುಬ್ರಮಣ್ಯಂ ಅದರ ವರದಿಯನ್ನು 1937ರಲ್ಲೇ ಪ್ರಕಟಿಸಿದರು. ಆದರೆ ಭಾರತದ ಈ ಕಣಜಕ್ಕೆ ಬಹುಕಾಲ ಎರವಲು ಹೆಸರುಗಳೇ ಗತಿಯಾದವು. ಒಮ್ಮೆ ಮಿನುಟಮ್ ಅಂದರು, ಒಮ್ಮೆ ಆಸ್ಟ್ರಾಲಿಕಮ್ ಅಂದರು. ಬೆಂಗಳೂರಿನಲ್ಲಿ ಕುಳಿತು ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಈ ಗೋಜಲು ಬಿಡಿಸಲು ಹೊರಟರು. ಅರ್ಧ ಮಿಲಿಮೀಟರಿನ ಆ ಜೀವಿಯಲ್ಲಿ ಗಂಡಿನ ಜನನಾಂಗದ ರಚನೆ ನೋಡಿಯೇ ಜಾತಿ ಹೇಳಬೇಕು ಎಂದು ಅವರು 1971ರಲ್ಲಿ ತೋರಿಸಿಕೊಟ್ಟರು. ಜಗತ್ತು ಒಪ್ಪಿತು. ಇವತ್ತು ಕಾರ್ಡಿಗೆ ಅಂಟಿಸಿ ಹೊಲಕ್ಕೆ ಕೊಡುವ ಟ್ರೈಕೋಗ್ರಾಮ ಕಿಲೋನಿಸ್ ಎಂಬ ಹೆಸರು ನೆಲೆ ನಿಂತದ್ದು ಇಂಥ ದುಡಿಮೆಯಿಂದ.

ಮೈಸೂರಿಗಂತೂ ಇದು ಹೊಟ್ಟೆಪಾಡಿನ ಮಾತು. ಇಲ್ಲಿ ಒಂದು ಪತಂಗದ ಹುಳು ಪೀಡೆ, ಇನ್ನೊಂದು ಪತಂಗದ ಹುಳು ಅನ್ನ. ರೇಷ್ಮೆ ಹುಳುವೂ ಪತಂಗದ ಮರಿಯೇ, ಹಿಪ್ಪುನೇರಳೆ ಸೊಪ್ಪು ಕೆಡಿಸುವ ಎಲೆ ಸುರುಳಿ ಹುಳುವೂ ಪತಂಗದ ಮರಿಯೇ. ಔಷಧಿ ಹೊಡೆದ ಸೊಪ್ಪನ್ನು, ಅದರ ವಿಷ ಇಳಿಯುವ ತನಕ, ರೇಷ್ಮೆ ಹುಳುವಿಗೆ ಹಾಕುವಂತಿಲ್ಲ. ಅವಸರಪಟ್ಟು ಹಾಕಿದರೆ ಹುಳುಮನೆಯೇ ಖಾಲಿ.

1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣವನ್ನು ರೇಷ್ಮೆ ಬೆಳೆಗಾರರು ಮರೆತಿಲ್ಲ. ಅದೂ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು, ಮರಿ ಒಳಗಿನಿಂದ ತಿನ್ನುವ ಕಸುಬಿನದೇ. ಅದನ್ನು ಹತ್ತಿಕ್ಕಲು ಬಿಡುವುದು ಊಜಿಯ ಕೋಶಕ್ಕೆ ಮೊಟ್ಟೆ ಚುಚ್ಚುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು. ಕಸುಬು ಒಂದೇ. ಒಬ್ಬ ಮನೆಹಾಳ, ಇನ್ನೊಬ್ಬ ಮನೆ ಕಾಯುವವ. ಯಾರು ಯಾರೆಂದು ತಿಳಿಯದೆ ಬಾಗಿಲು ತೆಗೆಯುವುದು ಹೇಗೆ?

ತಿಳಿದವರಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2018 ಸಾಕ್ಷಿ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಆ ವರ್ಷ, ಕರ್ನಾಟಕದ ಮುಸುಕಿನ ಜೋಳದಲ್ಲಿ. ಊರಿಗೆ ಊರೇ ಗಾಬರಿಬಿದ್ದಾಗ ವಿಜ್ಞಾನಿಗಳು ಹುಳುಗಳನ್ನು ತಂದು ಸಾಕಿ, ಹೊರಬಂದ ಕಣಜಗಳನ್ನು ಗುರುತಿಸಿದರು. ಗ್ಲಿಪ್ಟಾಪಾಂಟಿಲಿಸ್ ಕ್ರಿಯಾಟೊನೋಟಿ, ಮತ್ತೆ ಅದೇ ಹಳೇ ಕ್ಯಾಂಪೊಲೆಟಿಸ್! ಇಲ್ಲಿನ ಕಣಜಗಳು ಹೊಸ ಶತ್ರುವನ್ನು ಅದೇ ವರ್ಷ ಕಂಡುಕೊಂಡಿದ್ದವು.

ಗುರುತು ಹೇಳುವ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿದೆ, ನಿಜ. ಹುಣಸೂರಿನ ರೈತ ಬೆಂಕಿಪೊಟ್ಟಣದಲ್ಲಿ ಹುಳು ಹಿಡಿದು ಹೆಬ್ಬಾಳದ ಬಸ್ಸು ಹತ್ತುತ್ತಾನೆಯೇ? ಇತ್ತ ಮೈಸೂರಿನಲ್ಲೇ ಮಾನಂದವಾಡಿ ರಸ್ತೆಯ ರೇಷ್ಮೆ ಸಂಶೋಧನಾ ಸಂಸ್ಥೆ 1961ರಿಂದ ಇದೆ. ಮಾನಸಗಂಗೋತ್ರಿ ಇದೆ, ನಾಗನಹಳ್ಳಿಯಲ್ಲಿ, ಸುತ್ತೂರಿನಲ್ಲಿ ಕೃಷಿ ಕೇಂದ್ರಗಳಿವೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವೂ ಉಂಟು. ಇವುಗಳ ನಡುವೆ ಒಂದು ದಾರಿ ಹಾಕಿದರೆ ಸಾಕು.

ಆಗಬೇಕಾದ ಕೆಲಸಕ್ಕೆ ಕೋಟಿ ಬೇಡ. ಹುಳುವನ್ನು ಅದು ತಿನ್ನುತ್ತಿದ್ದ ಎಲೆಯ ಸಮೇತ ಗಾಜಿನ ಶೀಶೆಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿಟ್ಟು ಕಾಯಬೇಕು. ಹೊರಬಂದ ಕಣಜವನ್ನು ಸ್ಪಿರಿಟಿಗೆ ಹಾಕಿ ಊರು, ಬೆಳೆ, ತಾರೀಕು ಬರೆದ ಚೀಟಿ ಜೊತೆಗಿಡಬೇಕು. ಚೀಟಿ ಇಲ್ಲದ ಕಣಜ ವಿಳಾಸ ಇಲ್ಲದ ಕಾಗದ ಇದ್ದಹಾಗೆ. ಹೋಬಳಿ ಕೇಂದ್ರ ಅದನ್ನು ಪಡೆದು, ಬಲ್ಲವರಿಗೆ ಕಳಿಸಿ, ಉತ್ತರವನ್ನು ರೈತನಿಗೆ ಕನ್ನಡದಲ್ಲಿ ಮುಟ್ಟಿಸಲಿ.

ದಸರೆಗೆ ಕುಪ್ಪಣ್ಣ ಪಾರ್ಕಿನಲ್ಲಿ ಹೂವಿನ ಆನೆ, ಹೂವಿನ ಅರಮನೆ ನೋಡಲು ಜನ ಮುಗಿಬೀಳುತ್ತಾರೆ. ಅದರ ಒಂದು ಮೂಲೆಯಲ್ಲಿ ಮೇಜು ಹಾಕಿ, ಸೂಕ್ಷ್ಮದರ್ಶಕ ಇಟ್ಟು, ಈ ಕಾವಲುಗಾರನ ಮುಖವನ್ನೂ ಜನಕ್ಕೆ ತೋರಿಸಲಿ. ಒಮ್ಮೆ ಮುಖ ಕಂಡವರು ಮುಂದಿನ ಸಲ ಬಿಳಿ ಗೂಡು ಸಿಕ್ಕಾಗ ಹೊಸಕುವ ಮುಂಚೆ ಒಂದು ಗಳಿಗೆ ಕೈ ತಡೆದಾರು.