ತಮಟೆ ಯಾಕೆ ಬ್ಯಾಂಡ್‌ಗೆ ಬೇಡ, ಸರ್?

(1/5)
ಫ್ರೆಂಡ್ಸ್, ಫೋಟೋದಲ್ಲಿರೋದು ನಮ್ಮ ತಾತನ ತಮಟೆ. ಸ್ಕೂಲ್ ಬ್ಯಾಂಡ್‌ನಲ್ಲಿ ನಾನು ಸೈಡ್ ಡ್ರಮ್ ಬಾರಿಸೋದು ನಿಮಗೆಲ್ಲ ಗೊತ್ತು. ರಾಜ್ಯೋತ್ಸವದ ಮೆರವಣಿಗೆಗೆ ಒಂದೇ ಒಂದು ಹಾಡಿನಲ್ಲಿ ನಾಲ್ಕು ತಮಟೆ ಸೇರಿಸೋಣ ಅಂತ ಕೇಳಿದೆ. ಬ್ಯಾಂಡ್ ಸರ್ "ಆಗಲ್ಲ" ಅಂದ್ರು. ಮೂರು ಕಾರಣ ಕೊಟ್ರು. ಅವರ ಮೇಲೆ ಗೌರವ ಇದೆ, ಸ್ಟಿಕ್ ಹಿಡಿಯೋದು ಕಲಿಸಿದ್ದೇ ಅವರು. ಆದ್ರೆ ಈ ಮೂರೂ ಕಾರಣ ನಿಲ್ಲಲ್ಲ. ಪೂರ್ತಿ ಓದಿ, ಆಮೇಲೆ ನೀವೇ ಹೇಳಿ. 👇

(2/5)
ಒಂದು: "ಅದು ಬ್ಯಾಂಡ್ ವಾದ್ಯ ಅಲ್ಲ."
ನಾವು ಬಾರಿಸೋ ಬೇಸ್ ಡ್ರಮ್, ಸಿಂಬಲ್ ಎರಡೂ ಯುರೋಪಿನ ಸೇನಾ ಬ್ಯಾಂಡ್‌ಗೆ 18ನೇ ಶತಮಾನದಲ್ಲಿ ಸೇರಿದ್ದು ತುರ್ಕಿ ಸೈನಿಕರ ವಾದ್ಯಮೇಳ ನೋಡಿ. ಅವೂ ಒಂದು ಕಾಲಕ್ಕೆ ಹೊರಗಿನವೇ! ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತವರು. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ತನಕ ಹೋದ್ರು. ಬ್ಯಾಂಡಿನ ವಾದ್ಯ ಕಛೇರಿಗೆ ಹೋಗಬಹುದಾದ್ರೆ, ಊರಿನ ವಾದ್ಯ ಬ್ಯಾಂಡಿಗೆ ಬರೋಕೆ ಏನಡ್ಡಿ?

(3/5)
ಎರಡು: "ಚರ್ಮ ಸಡಿಲ ಆಗುತ್ತೆ, ನಾದ ಒಂದೇ ಸಮ ಇರಲ್ಲ."
ನಿಜ. ಥಂಡಿ ಹವಾಕ್ಕೆ ತಮಟೆ ಮೆತ್ತಗಾಗುತ್ತೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಆದ್ರೆ 1950ರ ದಶಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಬರೋವರೆಗೆ ಸೈಡ್ ಡ್ರಮ್‌ಗೂ ಚರ್ಮವೇ ಇತ್ತು. ಮಳೆಗೆ ಅದೂ ಸಡಿಲ ಆಗ್ತಿತ್ತು. ಹಾಗಂತ ಯಾವ ಸೇನೆಯೂ ಅದನ್ನ ಬಿಸಾಕಲಿಲ್ಲ. ಹೊರಡೋ ಮುಂಚೆ ಕಾಯಿಸ್ಕೊಂಡ್ರೆ ಒಂದು ಹಾಡಿಗೆ ಧಾರಾಳ ಸಾಕು.

(4/5)
ಮೂರನೇದನ್ನ ಸರ್ ಮೆಲ್ಲಗೆ ಹೇಳಿದ್ರು: "ಸಾವಿನ ಮನೆ ವಾದ್ಯ ಕಣಪ್ಪಾ, ಪೇರೆಂಟ್ಸ್ ಏನಂತಾರೆ?"
ಅಸಲಿ ಕಾರಣ ಇದೇ. ಸೈನಿಕರ ಅಂತ್ಯಕ್ರಿಯೆಯಲ್ಲಿ ಊದೋದು ಬ್ಯೂಗಲ್. ನಮ್ಮ ಬ್ಯಾಂಡ್‌ನಲ್ಲೂ ಬ್ಯೂಗಲ್ ಇದೆ. ಅದನ್ನ ಯಾರಾದ್ರೂ ಅಪಶಕುನ ಅಂದಿದ್ದಾರಾ? ಇಲ್ಲ. ಅಂದ್ರೆ ತೊಂದರೆ ಸಾವಿನದ್ದಲ್ಲ, ಬಾರಿಸ್ತಿದ್ದ ಕೈ ಯಾರದು ಅನ್ನೋದರದ್ದು. ಜಾತ್ರೆ, ಹಬ್ಬ, ಮೆರವಣಿಗೆಗೆಲ್ಲ ಈ ತಮಟೆ ಬೇಕು, ಬಾರಿಸೋರು ಮಾತ್ರ ದೂರ ನಿಲ್ಲಬೇಕಿತ್ತು.
ಬಿಟ್ಟಿ ಚಾಕರಿಯ ಗುರುತು ಅಂತ ತಮಟೆಯನ್ನ ಕೆಳಗಿಟ್ಟ ದಲಿತರೂ ಇದ್ದಾರೆ. ಅವರ ನಿರ್ಧಾರ ನನಗೆ ಅರ್ಥ ಆಗುತ್ತೆ. ಬೇಡ ಅನ್ನೋ ಹಕ್ಕು ಬಲವಂತಕ್ಕೆ ಬಾರಿಸಿದವರಿಗಿದೆ, ಮುಟ್ಟೋಕೆ ಹಿಂಜರಿಯೋರಿಗಲ್ಲ. ಇದೇ ತಮಟೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರು 2023ರಲ್ಲಿ ಪದ್ಮಶ್ರೀ ಪಡೆದ್ರು. ರಾಷ್ಟ್ರಪತಿ ಭವನಕ್ಕೆ ಆಗೋದು ನಮ್ಮ ಸ್ಕೂಲ್ ಗೇಟಿಗೆ ಆಗಲ್ವಾ?

(5/5)
2024ರ ಗಣರಾಜ್ಯೋತ್ಸವದ ಪರೇಡ್ ಶುರುವಾಗಿದ್ದೇ ಶಂಖ, ನಾದಸ್ವರ, ನಗಾರಿ ನುಡಿಸಿದ ನೂರು ಹೆಣ್ಣುಮಕ್ಕಳಿಂದ. ದೆಹಲಿಯ ಶಿಸ್ತೇನೂ ಕೆಡಲಿಲ್ಲ.
ನಾವು ಟ್ರಂಪೆಟ್ ಬಿಡಿ ಅಂತಿಲ್ಲ. ಕೇಳ್ತಿರೋದು ಒಂದು ಹಾಡು, ನಾಲ್ಕು ತಮಟೆ, ಹದಿನೈದು ನಿಮಿಷದ ಟ್ರಯಲ್. ಕೇಳಿದ ಮೇಲೂ ಚೆನ್ನಾಗಿಲ್ಲ ಅನಿಸಿದ್ರೆ ಸರ್ ಹಾಗೇ ಹೇಳಲಿ. ಕೇಳದೇ ಬೇಡ ಅನ್ನಬಾರದು.
ಸರ್‌ನ ಯಾರೂ ಟ್ರೋಲ್ ಮಾಡ್ಬೇಡಿ, ಪ್ಲೀಸ್. ಮನವಿ ಪತ್ರ ರೆಡಿ ಇದೆ. ನಾಳೆ ಪ್ರಾಕ್ಟೀಸ್ ಮುಗಿದ ಮೇಲೆ ಬಂದು ಸಹಿ ಹಾಕಿ. ಬ್ಯಾಂಡ್‌ನಲ್ಲಿ ಇಲ್ಲದವರೂ ಬನ್ನಿ. ✊🥁

#ತಮಟೆ #ಸ್ಕೂಲ್‌ಬ್ಯಾಂಡ್ #ನಮ್ಮವಾದ್ಯ